ವಾರಂಟಿ ಗೆದ್ದ ವ್ಯಾಪಾರಿ

“ತಪ್ಪು ನನ್ನದಲ್ಲ ಎಂದು ನಾಲ್ಕು ಜನರ ಮುಂದೆ ತೀರ್ಮಾನವಾಯಿತು. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಯಾಕೆ ಗುರುಗಳೇ?”

ಕೇಳಿದವನು ಗುರುಶಾಂತ, ಮಠಕ್ಕೆ ಹೊಸದಾಗಿ ಬಂದ ಶಿಷ್ಯ. ಊರಿನಲ್ಲಿ ಜೊತೆಯಲ್ಲೇ ಕೂತು ಉಣ್ಣುತ್ತಿದ್ದ ಅಣ್ಣನಿಗೂ ಅವನಿಗೂ ಒಂದು ಗೋಡೆಯ ವಿಷಯಕ್ಕೆ ಜಗಳವಾಗಿತ್ತು. ಹಿರಿಯರು ಸೇರಿ ಇವನ ಮಾತೇ ಸರಿ ಎಂದಿದ್ದರು. ಅದಾದ ಸ್ವಲ್ಪ ದಿನಕ್ಕೆ ಅವನಿಗೆ ಊರು ಬೇಡವಾಗಿ ಇಲ್ಲಿಗೆ ಬಂದಿದ್ದ.

ಗುರುಗಳು ಗೋಡೆಯ ವಿಷಯ ಕೇಳಲಿಲ್ಲ. ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಮನೆಗೆ ಬಳಿಯುವ ಬಣ್ಣ ಮಾರುತ್ತಿದ್ದ. ವ್ಯವಹಾರದಲ್ಲಿ ಕಟ್ಟುನಿಟ್ಟು. ಯಾರಿಗೂ ಮೋಸ ಮಾಡಿದವನಲ್ಲ, ಯಾರಾದರೂ ಮೋಸ ಮಾಡಿದರೆ ಸುಮ್ಮನಿರುವವನೂ ಅಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಪಕ್ಕದ ಬೀದಿಯಲ್ಲಿ ಅವನ ಅಕ್ಕ. ಭಾವ ತೀರಿಕೊಂಡ ಮೇಲೆ ಅಕ್ಕನನ್ನೂ ಅವಳ ಮಗಳನ್ನೂ ಕರೆತಂದು ಅಲ್ಲಿ ಮನೆ ಮಾಡಿಕೊಟ್ಟಿದ್ದ.

ಅವನ ಬಳಿ ಒಂದು ಸಣ್ಣ ಕಾರಿತ್ತು. ಐದು ಜನಕ್ಕೆ ಜಾಗ. ಇವರು ಆರು ಜನ. ಎಲ್ಲಿಗೆ ಹೊರಟರೂ ಅಕ್ಕ ಏನಾದರೂ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಿದ್ದಳು. ಒಮ್ಮೆ ಮಂಡಿ ನೋವು, ಒಮ್ಮೆ ಉಪವಾಸ. ಅದು ನೆಪವೆಂದು ಎಲ್ಲರಿಗೂ ಗೊತ್ತಿತ್ತು. ಕಾರು ತಿರುವಿನಲ್ಲಿ ಮರೆಯಾಗುವ ತನಕ ಅವಳು ಗೇಟಿನಲ್ಲಿ ನಿಂತಿರುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ನೋಡುವುದು ವ್ಯಾಪಾರಿಗೆ ಕಷ್ಟವಾಗುತ್ತಿತ್ತು.

ಆದ್ದರಿಂದ ಒಂದು ವ್ಯಾನು ಕೊಂಡ. ಎಂಟು ಸೀಟು, ಪಕ್ಕಕ್ಕೆ ಜಾರುವ ಬಾಗಿಲು. ಕಂಪನಿಯವರು ಐದು ವರ್ಷದ ವಾರಂಟಿ ಕೊಟ್ಟರು. “ಐದು ವರ್ಷ ನೀವು ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ ಸರ್” ಎಂದು ಶೋರೂಮಿನವನು ಹಾರ ಹಾಕಿ ಕೈಕುಲುಕಿದ. ಮೊದಲ ಸಲ ಆರೂ ಜನ ಒಟ್ಟಿಗೆ ಹೊರಟರು. ಅಕ್ಕ ನಡುವಿನ ಕಿಟಕಿಯ ಪಕ್ಕ ಕೂತು, ಹೋಗಿ ಬರುವ ತನಕ ಬಾಯಿ ಮುಚ್ಚಲಿಲ್ಲ. ಅವಳು ಅಷ್ಟು ಮಾತಾಡಿದ್ದನ್ನು ಭಾವ ಸತ್ತ ಮೇಲೆ ಯಾರೂ ಕೇಳಿರಲಿಲ್ಲ.

ಎರಡನೆಯ ಮಳೆಗಾಲಕ್ಕೆ ಬಾಗಿಲು ಸಿಕ್ಕಿಕೊಳ್ಳತೊಡಗಿತು. ಸರಿ ಮಾಡಿಕೊಟ್ಟರು. ಮತ್ತೆ ಸಿಕ್ಕಿಕೊಂಡಿತು. “ಬಾಗಿಲಿನ ರಬ್ಬರು ವಾರಂಟಿಯಲ್ಲಿ ಬರಲ್ಲ ಸರ್” ಎಂದರು. ಆಮೇಲೆ ಎ.ಸಿ. ಕೆಟ್ಟಿತು. ಅದು ವಾರಂಟಿಯಲ್ಲಿ ಬರುತ್ತಿತ್ತು, ಆದರೆ ಅದರ ಪೈಪು ಬರುತ್ತಿರಲಿಲ್ಲ. ಗೇರು ಹಾಕುವಾಗ ಗಾಡಿ ಒಂದು ಸಲ ನಡುಗಿ ಮುಂದೆ ಹೋಗುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಈ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದವನು ದಾದಾಪೀರ್, ತಾಳ್ಮೆಯ ಮನುಷ್ಯ. ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬರುತ್ತಿದ್ದ. ಅವನು ಕೂತಾಗ ಮಾತ್ರ ಗಾಡಿ ನಡುಗುತ್ತಿರಲಿಲ್ಲ. “ಎಲ್ಲ ಸರಿ ಇದೆ ಸರ್” ಎಂದು ವಾಪಸು ಕಳಿಸುತ್ತಿದ್ದ. ಪೇಟೆಯ ತುದಿ ದಾಟುವುದರೊಳಗೆ ಅದು ಮತ್ತೆ ನಡುಗುತ್ತಿತ್ತು.

ಆ ವರ್ಷ ಅಕ್ಕನ ಮಗಳಿಗೆ ಸಂಬಂಧ ಕೂಡಿಬಂತು. ನಿಶ್ಚಿತಾರ್ಥ ಗಂಡಿನ ಊರಿನಲ್ಲಿ. ತಂದೆ ಇಲ್ಲದ ಹುಡುಗಿ. ತಾಂಬೂಲ ಬದಲಿಸುವಾಗ ತಂದೆಯ ಜಾಗದಲ್ಲಿ ಕೂರಬೇಕಾದವನು ಸೋದರಮಾವನಾದ ಈ ವ್ಯಾಪಾರಿಯೇ. ಹೊಸ ಪಂಚೆ, ಶಲ್ಯ ತಂದಿಟ್ಟುಕೊಂಡಿದ್ದ. ಬೆಳಿಗ್ಗೆ ಬೇಗನೆ ಆರೂ ಜನ ವ್ಯಾನಿನಲ್ಲಿ ಹೊರಟರು. ಅರ್ಧ ದಾರಿಯಲ್ಲಿ, ಬಟಾಬಯಲಿನಲ್ಲಿ, ಗೇರ್ ಬಾಕ್ಸ್ ಕಡಿದುಹೋಯಿತು. ಇಂಜಿನ್ನು ಓಡುತ್ತಿತ್ತು, ಗಾಡಿ ಮಿಸುಕಲಿಲ್ಲ.

ವ್ಯಾಪಾರಿ ಕಂಪನಿಗೆ ಫೋನ್ ಮಾಡಿದ. ಅತ್ತ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ ಹೇಳಿದಳು. “ಎಳೆದುಕೊಂಡು ಹೋಗುವ ಗಾಡಿ ಕಳಿಸ್ತೀವಿ ಸರ್. ಅದು ಬರೋ ತನಕ ನೀವು ಅಲ್ಲೇ ಇರಬೇಕು. ಗಾಡಿ ಬಿಟ್ಟು ಹೋದರೆ ವಾರಂಟಿಗೆ ತೊಂದರೆ ಆಗುತ್ತೆ.”

ಅಷ್ಟರಲ್ಲಿ ಆ ದಾರಿಯಲ್ಲಿ ಒಂದು ಬಸ್ಸು ಬಂತು. ಹೆಂಡತಿ ಕೈ ಅಡ್ಡ ಹಾಕಿ ನಿಲ್ಲಿಸಿದಳು. ಹಣ್ಣು, ಸೀರೆ, ತೆಂಗಿನಕಾಯಿಯ ತಟ್ಟೆಗಳನ್ನು ಹಿಡಿದು ಹೆಂಗಸರೂ ಮಕ್ಕಳೂ ಹತ್ತಿದರು. ಅಕ್ಕ ಮೆಟ್ಟಿಲ ಮೇಲೆ ನಿಂತು ಹಿಂತಿರುಗಿದಳು.

“ಗಾಡಿ ಎಲ್ಲಿಗೂ ಹೋಗಲ್ಲ ತಮ್ಮ. ನೀನು ಹತ್ತು.”

“ನೀವು ಹೋಗಿರಿ ಅಕ್ಕ. ಇವರಿಗೆ ಇವತ್ತು ಒಂದು ಅವಕಾಶ ಕೊಟ್ಟರೆ ನಾಳೆ ನನ್ನ ತಲೆಗೇ ಕಟ್ತಾರೆ. ಇದನ್ನ ಕಳಿಸಿ ಹಿಂದೆಯೇ ಬಂದುಬಿಡ್ತೀನಿ.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ವ್ಯಾಪಾರಿ ಹೊಸ ಪಂಚೆಯಲ್ಲಿ ರಸ್ತೆಯ ಬದಿಗೆ ನಿಂತ. ಗಾಡಿಯ ಫೋಟೊ ತೆಗೆದ. ಮತ್ತೆ ಫೋನ್ ಮಾಡಿದ. ಈಗ ಬರುತ್ತೆ ಎಂದರು, ಆಗ ಬರುತ್ತೆ ಎಂದರು, ಬೇರೆಯವರಿಗೆ ಕೊಡ್ತೀವಿ ಎಂದು ಹಾಡು ಕೇಳಿಸಿದರು. ನಡುವೆ ಹೆಂಡತಿಯ ಫೋನ್ ಬಂತು. ಕಂಪನಿಯ ದೊಡ್ಡ ಅಧಿಕಾರಿ ಆಗಷ್ಟೇ ಮಾತಿಗೆ ಸಿಕ್ಕಿದ್ದ. ವ್ಯಾಪಾರಿ ಹೆಂಡತಿಯ ಕರೆ ಕತ್ತರಿಸಿದ. ಅದು ಮತ್ತೆ ಬಂತು. ಮತ್ತೆ ಕತ್ತರಿಸಿದ. ಆಮೇಲೆ ಬರಲಿಲ್ಲ.

ಎಳೆಯುವ ಗಾಡಿ ಬಂದಾಗ ಹೊತ್ತು ಇಳಿದಿತ್ತು. ಅವನು ಗಂಡಿನ ಊರು ತಲುಪಿದಾಗ ಚಪ್ಪರದಲ್ಲಿ ಕುರ್ಚಿಗಳನ್ನು ಮಡಚುತ್ತಿದ್ದರು. ಮುಹೂರ್ತ ಮೀರುತ್ತದೆಂದು ಬಹಳ ಹೊತ್ತು ಕಾದು, ಕೊನೆಗೆ ಗಂಡಿನ ಕಡೆಯ ಒಬ್ಬ ಹಿರಿಯರೇ, “ಹೆಣ್ಣಿನ ಕಡೆಗೆ ನಾನು ಕೂರ್ತೀನಿ ಬಿಡಮ್ಮ” ಎಂದು ಕೂತಿದ್ದರಂತೆ. ಒಳ್ಳೆಯ ಜನ. ಯಾರೂ ಒಂದು ಮಾತು ಆಡಲಿಲ್ಲ. ಅವನಿಗೆ ಬಿಸಿ ಮಾಡಿ ಊಟ ಬಡಿಸಿದರು. ಅವನೊಬ್ಬನೇ ಎಲೆಯ ಮುಂದೆ ಕೂತು ಉಂಡ.

ಉಣ್ಣುವಾಗ ಎದೆಯಲ್ಲಿ ಏನೋ ಕುಸಿದ ಹಾಗಾಯಿತು. ಅದರ ಜೊತೆ ಅವನು ಹೆಚ್ಚು ಹೊತ್ತು ಇರಲಾರದೆ ಹೋದ. ಕೈ ತೊಳೆಯುವುದರೊಳಗೆ ಅದನ್ನೂ ಕಂಪನಿಯ ತಪ್ಪುಗಳ ಜೊತೆಗೆ ಸೇರಿಸಿಬಿಟ್ಟ.

ಸರ್ವಿಸ್ ಸೆಂಟರಿನವರು ಗೇರ್ ಬಾಕ್ಸ್ ಬಿಚ್ಚಿ ನೋಡಿದರು. ಹೊಸದೇ ಹಾಕಬೇಕು ಎಂದರು. ವಾರಂಟಿ ಇಲ್ಲ ಎಂದರು. ಹಿಂದೆ ಒಮ್ಮೆ ಹಬ್ಬಕ್ಕೆ ಅವರು ಬಾಗಿಲು ಹಾಕಿದ್ದಾಗ, ವ್ಯಾಪಾರಿ ಪೇಟೆಯ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ್ದ. “ಹೊರಗಡೆಯವರು ಕೈ ಹಾಕಿದ್ದಾರೆ ಸರ್, ಕಂಪನಿ ಒಪ್ಪಲ್ಲ” ಎಂದ ದಾದಾಪೀರ್, ತಲೆ ತಗ್ಗಿಸಿ. ರಿಪೇರಿಗೆ ಅವರು ಹೇಳಿದ ಮೊತ್ತದಲ್ಲಿ ಒಂದು ಹಳೆಯ ಕಾರು ಬರುತ್ತಿತ್ತು.

ವ್ಯಾಪಾರಿ ಗ್ರಾಹಕರ ನ್ಯಾಯಾಲಯಕ್ಕೆ ಹೋದ. ವ್ಯಾನು ಸರ್ವಿಸ್ ಸೆಂಟರಿನ ಹಿಂದೆ ಧೂಳು ತಿನ್ನುತ್ತಾ ನಿಂತಿತು. ಅಲ್ಲಿಂದ ಅವನ ಬದುಕು ವಾಯಿದೆಯಿಂದ ವಾಯಿದೆಗೆ ನಡೆಯಿತು. ಒಮ್ಮೆ ಕಂಪನಿಯ ವಕೀಲ ಬರುತ್ತಿರಲಿಲ್ಲ, ಒಮ್ಮೆ ನ್ಯಾಯಾಧೀಶರು ರಜೆಯಲ್ಲಿರುತ್ತಿದ್ದರು. ಅದೇ ವ್ಯಾನು ಕೊಂಡು ಅದೇ ಪಾಡು ಪಟ್ಟವರು ಊರೂರಿನಲ್ಲಿದ್ದರು. ಅವರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅಲ್ಲಿ ವ್ಯಾಪಾರಿಗೆ ದೊಡ್ಡ ಮರ್ಯಾದೆ. ಯಾವ ಭಾಗ ವಾರಂಟಿಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ, ಯಾವ ಮಾತಿಗೆ ಯಾವ ಉತ್ತರ ಕೊಡಬೇಕು ಎಂದು ಮುಖ ನೋಡದ ಜನಕ್ಕೆ ಅಂಗಡಿಯಲ್ಲಿ ಕೂತು ಹೇಳಿಕೊಡುತ್ತಿದ್ದ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ದೊಡ್ಡ ಮಗಳು ಪರೀಕ್ಷೆಯ ವಿಷಯ ಎತ್ತಿದರೆ, ಎರಡು ಮಾತಿನಲ್ಲಿ ಅದು ಗೇರ್ ಬಾಕ್ಸಿಗೆ ಬಂದು ನಿಲ್ಲುತ್ತಿತ್ತು. ಮಕ್ಕಳು ಅಪ್ಪ ಬರುವ ಮೊದಲೇ ಉಣ್ಣತೊಡಗಿದರು. ಹೆಂಡತಿ ಬಡಿಸುತ್ತಾ ಹೂಂ ಎನ್ನುತ್ತಿದ್ದಳು. ಕೆಲವು ದಿನ ಅವಳು ಹೂಂ ಎನ್ನದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮದುವೆ ಹತ್ತಿರ ಬಂದಾಗ ಅಕ್ಕ ಒಮ್ಮೆ ಅವನ ಅಂಗಡಿಗೆ ಬಂದಳು. ಗಿರಾಕಿ ಇಲ್ಲದ ಹೊತ್ತು. ಸ್ಟೂಲಿನ ಮೇಲೆ ಕೂತಳು.

“ಮದುವೆಗೆ ನೀನೇ ಮುಂದೆ ನಿಲ್ಲಬೇಕು ತಮ್ಮ. ಅವತ್ತು ನೀನು ಇರಲಿಲ್ಲ. ನನಗೆ ಬಹಳ...”

“ಅವತ್ತಿನ ತಪ್ಪು ನನ್ನದಲ್ಲ ಅಕ್ಕ” ಎಂದ ವ್ಯಾಪಾರಿ. “ಕಂಪನಿಯವರದು. ಅದನ್ನ ನಾನು ಸಾಬೀತು ಮಾಡೇ ಮಾಡ್ತೀನಿ, ನೋಡ್ತಿರು.”



“ತಪ್ಪು ಯಾರದು ಅಂತ ನಾನು ಕೇಳಲಿಲ್ವಲ್ಲೋ.”

ಅಷ್ಟು ಹೇಳಿ ಎದ್ದು ಹೋದಳು. ಅವನು ಕೂಗಿ ಕರೆಯಬಹುದಿತ್ತು. ಕರೆಯಬೇಕೆಂದು ಅನ್ನಿಸಿತು ಕೂಡ. ಅಷ್ಟರಲ್ಲಿ ವಕೀಲರ ಫೋನ್ ಬಂತು.

ಮದುವೆ ಚೆನ್ನಾಗಿಯೇ ನಡೆಯಿತು. ಬಾಡಿಗೆ ಗಾಡಿಯಲ್ಲಿ ಹೋದರು. ವ್ಯಾಪಾರಿ ಮುಂದೆ ನಿಂತು ಎಲ್ಲವನ್ನೂ ಮಾಡಿದ. ಅಕ್ಕ ನಿಶ್ಚಿತಾರ್ಥದ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ವರ್ಷ ಮಗಳಿಗೆ ಕೂಸು ಹುಟ್ಟಿತು. ಅಕ್ಕ ಕೂಸನ್ನು ನೋಡಿಕೊಳ್ಳಲು ಮಗಳ ಊರಿಗೆ ಹೋದವಳು ಅಲ್ಲೇ ಉಳಿದಳು. ಅವಳು ಸಾಮಾನು ಕಟ್ಟಿ ಹೊರಟ ದಿನ ವ್ಯಾಪಾರಿಗೆ ವಾಯಿದೆ ಇತ್ತು. ಪಕ್ಕದ ಬೀದಿಯ ಮನೆಗೆ ಬೀಗ ಬಿತ್ತು. ಹೆಣ್ಣುಮಕ್ಕಳು ಒಬ್ಬಳ ಹಿಂದೆ ಒಬ್ಬಳು ಓದಲು ಹಾಸ್ಟೆಲಿಗೆ ಹೋದರು.

ಕೊನೆಗೆ ತೀರ್ಪು ಬಂತು. ವ್ಯಾಪಾರಿಯ ಪ್ರತಿಯೊಂದು ಮಾತೂ ಸರಿ ಎಂದು ಬಂತು. ಕಂಪನಿ ಹೊಸ ಗೇರ್ ಬಾಕ್ಸ್ ಹಾಕಿಕೊಡಬೇಕು, ಪರಿಹಾರ ಕೊಡಬೇಕು, ಮಾಲೀಕನಿಗೆ ಆದ ಮಾನಸಿಕ ನೋವಿಗೂ ಬೇರೆಯಾಗಿ ಕೊಡಬೇಕು. ಗುಂಪಿನವರೆಲ್ಲ ಅವನನ್ನು ಕೊಂಡಾಡಿದರು. ಆ ತೀರ್ಪು ತೋರಿಸಿ ಇನ್ನೂ ಕೆಲವರಿಗೆ ನ್ಯಾಯ ಸಿಕ್ಕಿತು. ತಮ್ಮ ತಮ್ಮ ಗಾಡಿ ಸರಿಯಾದ ಮೇಲೆ ಅವರು ಗುಂಪಿನಲ್ಲಿ ಮಾತಾಡುವುದನ್ನು ಬಿಟ್ಟರು.

ಅವನು ಅಕ್ಕನಿಗೆ ಫೋನ್ ಮಾಡಿದ.

“ಅಕ್ಕ, ಗೆದ್ದೆ.”

“ಹೌದಾ? ಸಂತೋಷ ಕಣೋ. ಊಟ ಆಯ್ತಾ?” ಎಂದಳು ಅಕ್ಕ. ಹಿಂದೆ ಕೂಸು ಅಳುತ್ತಿತ್ತು. “ಆಮೇಲೆ ಮಾತಾಡ್ತೀನಿ” ಎಂದು ಇಟ್ಟಳು.

ವ್ಯಾನು ತೊಳೆದು ಹೊಳಪು ಮಾಡಿ ಮನೆಯ ಮುಂದೆ ತಂದು ನಿಲ್ಲಿಸಿದರು. “ನಡಿ, ಒಂದು ಸುತ್ತು ಹೋಗಿ ಬರೋಣ” ಎಂದು ಹೆಂಡತಿಯನ್ನು ಕರೆದ. ಅವಳು ಹೊಸಿಲ ಮೇಲೆ ನಿಂತು ಗಾಡಿಯನ್ನು ನೋಡಿದಳು. ಕೋಪವೇನೂ ಇರಲಿಲ್ಲ.

“ಅದನ್ನ ನೋಡಿದ್ರೇನೇ ನನಗೆ ಸುಸ್ತಾಗುತ್ತೆ. ನೀವು ಹೋಗಿ ಬನ್ನಿ” ಎಂದು ಒಳಗೆ ಹೋದಳು.

ಅವನೊಬ್ಬನೇ ಹೊರಟ. ಪೇಟೆ ದಾಟಿದ. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ನಡುಕ ಇಲ್ಲ. ಬಾಗಿಲು ಕಿರುಗುಟ್ಟಲಿಲ್ಲ. ಎಲ್ಲಿಂದಲೂ ಒಂದು ಸಣ್ಣ ಸದ್ದೂ ಬರಲಿಲ್ಲ. ಅವನು ಅಭ್ಯಾಸದಂತೆ ಕಿವಿಗೊಟ್ಟು ಕೂತಿದ್ದ. ಉಳಿದ ಏಳು ಸೀಟು ಖಾಲಿ. ಇಷ್ಟು ವರ್ಷ ಆ ಗಾಡಿಯಲ್ಲಿ ಏನು ಕೆಟ್ಟಿದೆ ಎಂದು ಕೇಳಿಸಿಕೊಂಡವನಿಗೆ, ಈಗ ಕೇಳಿಸಿಕೊಳ್ಳಲು ಏನೂ ಇರಲಿಲ್ಲ. ಎಲ್ಲಿಗೆ ಹೋಗಬೇಕೆಂದೂ ತಿಳಿಯಲಿಲ್ಲ.

ಒಂದು ಕಡೆ ನಿಲ್ಲಿಸಿದ. ಫೋನ್ ತೆಗೆದು ಹೆಸರುಗಳನ್ನು ನೋಡುತ್ತಾ ಹೋದ. ಈಚಿನ ವರ್ಷಗಳಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಮಾತಾಡಿದ್ದು ಒಬ್ಬನೊಂದಿಗೆ. ಅವನಿಗೇ ಫೋನ್ ಮಾಡಿದ.

“ಹೇಳಿ ಸರ್” ಎಂದ ದಾದಾಪೀರ್. ದನಿಯಲ್ಲಿ ಹೆದರಿಕೆ ಇತ್ತು. “ಮತ್ತೆ ಏನಾಯ್ತು?”

“ಏನೂ ಆಗಿಲ್ಲ. ಗಾಡಿ ಚೆನ್ನಾಗಿ ಓಡ್ತಿದೆ.”

“ಒಳ್ಳೇದಾಯ್ತು ಸರ್. ಇನ್ನೇನಾದ್ರೂ ಹೇಳೋದಿದೆಯಾ ಸರ್?”

ವ್ಯಾಪಾರಿಗೆ ಹೇಳುವುದು ಬಹಳ ಇತ್ತು. ಈ ಮನುಷ್ಯನಿಗೆ ಹೇಳುವಂಥದ್ದು ಯಾವುದೂ ಇರಲಿಲ್ಲ.

“ಇಲ್ಲಪ್ಪ” ಎಂದು ಫೋನ್ ಇಟ್ಟ. ಬಿಸಿಲು ತಿರುಗುವ ತನಕ ಸ್ಟೇರಿಂಗ್ ಹಿಡಿದುಕೊಂಡು ಅಲ್ಲೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮುಂದಿನದು ಇಲ್ಲವೆಂದು ಗೊತ್ತಾದ ಮೇಲೆ ಗುರುಶಾಂತನ ಮುಖ ಕೆಂಪಾಯಿತು.

“ಅನ್ಯಾಯ ಮಾಡಿದವರು ಕಂಪನಿಯವರಲ್ಲವೇ? ಹಾಗಾದರೆ ಆ ವ್ಯಾಪಾರಿ ಹೋರಾಡಲೇಬಾರದಿತ್ತೇ?”

“ಹೋರಾಡಬೇಕಿತ್ತು” ಎಂದರು ಗುರುಗಳು. “ನಿಮ್ಮ ಅಣ್ಣ ಈಗ ಯಾರ ಜೊತೆ ಕೂತು ಉಣ್ಣುತ್ತಾನೆ, ಗುರುಶಾಂತ?”