ಮೂರು ಅಂಗಳ ಸುತ್ತಿದ ಮಗಳು

“ಗುರುಗಳೇ, ನಮ್ಮ ಕಾಲೇಜಿನಲ್ಲಿ ಬೇಕಾದ ವಿಷಯಗಳನ್ನು ಕೂಡಿಸಿ ನಮ್ಮದೇ ಪದವಿ ಕಟ್ಟಿಕೊಳ್ಳಬಹುದಂತೆ. ನನಗೆ ಸಂಗೀತ, ಭಾಷಾಶಾಸ್ತ್ರ, ಮನಶ್ಶಾಸ್ತ್ರ ಮೂರೂ ಬೇಕು. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ಚಿಕ್ಕಪ್ಪ ಬೈಯುತ್ತಾರೆ. ಮೂರನ್ನೂ ಹಿಡಿದರೆ ನಾನು ಏನೂ ಆಗದೆ ಉಳಿಯುತ್ತೇನೆಯೇ?” ಎಂದು ವಾರಿಜೆ ಕೇಳಿದಳು. ಮರುದಿನ ಅವಳು ಕಾಲೇಜಿನವರಿಗೆ ಉತ್ತರ ಹೇಳಬೇಕಿತ್ತು.

ಗುರುಗಳು ನಕ್ಕರು. “ನಿನ್ನ ಚಿಕ್ಕಪ್ಪ ಹೇಳುವುದೇನೂ ಸುಳ್ಳಲ್ಲ. ಆದರೂ ಕೇಳು” ಎಂದು ಕತೆ ಹೇಳಿದರು.

ಒಬ್ಬ ರೈತನ ಮೇಲೆ ಗಾಡಿ ಮಗುಚಿ, ಅವನ ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಬಡಗಿ ಮರದ ಕಾಲು ಮಾಡಿಕೊಟ್ಟ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚರ್ಮ ಸುಲಿದು ರಕ್ತ ಬಂತು. ಜೋಡು ಹೊಲಿಯುವವನು ತೊಗಲಿನ ಮೆತ್ತನೆಯ ಕಾಲು ಹೊಲಿದುಕೊಟ್ಟ. ಅದು ಭಾರ ತಾಳದೆ ಮಡಚಿಕೊಂಡಿತು. ವೈದ್ಯ ಗಾಯ ಮಾಯಿಸಿ, “ಇನ್ನು ನಡೆಯುವ ಗೊಡವೆ ಬೇಡ” ಎಂದ. ಮರದಲ್ಲಿ ತಪ್ಪಿಲ್ಲ ಎಂದು ಬಡಗಿ, ಹೊಲಿಗೆಯಲ್ಲಿ ತಪ್ಪಿಲ್ಲ ಎಂದು ಜೋಡು ಹೊಲಿಯುವವನು, ಮದ್ದಿನಲ್ಲಿ ತಪ್ಪಿಲ್ಲ ಎಂದು ವೈದ್ಯ. ಅಯ್ಯೋ, ಯಾರದೂ ತಪ್ಪಿರಲಿಲ್ಲ! ರೈತ ಮಾತ್ರ ಜಗಲಿ ಬಿಟ್ಟು ಏಳಲಿಲ್ಲ.

ಅವನ ಮಗಳಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಬಡಗಿಯ ಅಂಗಳದಲ್ಲಿ ಕುಳಿತು ಉಳಿ ಹಿಡಿಯಲು ಕಲಿತಳು. ಅಲ್ಲಿಂದೆದ್ದು ತೊಗಲಿನ ಕೆಲಸಕ್ಕೆ ಹೋದಳು. ಎಲುಬು ಎಲ್ಲಿ ಭಾರ ಹೊರುತ್ತದೆ, ಎಲ್ಲಿ ಹೊರುವುದಿಲ್ಲ ಎಂದು ಕೇಳಿ ಕೇಳಿ ವೈದ್ಯನ ತಲೆ ತಿಂದಳು.

ಬಡಗಿಗೆ ರೇಗಿತು. “ಅತ್ತ ಬಡಗಿಯೂ ಅಲ್ಲ, ಇತ್ತ ವೈದ್ಯೆಯೂ ಅಲ್ಲ. ಕೊನೆಗೆ ನೀನು ಏನಾಗುತ್ತೀಯೇ ತಾಯಿ?”

“ನಾನೇನಾಗುತ್ತೇನೋ ಗೊತ್ತಿಲ್ಲಣ್ಣ. ಅಪ್ಪ ಹೊಲಕ್ಕೆ ಹೋಗಬೇಕು.”

ಅವಳು ಮಾಡಿದ ಮೊದಲ ಕಾಲು ಮುರಿಯಿತು. ಎರಡನೆಯದು ಕಚ್ಚಿತು. ಅಪ್ಪ ಬಿದ್ದು, ಮಗಳಿಗೂ ಅವಳ ಕಸುಬಿಗೂ ಸೇರಿಸಿ ಶಾಪ ಹಾಕಿದ. ಅವಳು ಅತ್ತಳು, ಅತ್ತು ಮುಗಿಸಿ ಮತ್ತೆ ಉಳಿ ಹಿಡಿದಳು. ಬಿತ್ತನೆಯ ಹೊತ್ತಿಗೆ ರೈತ, ಮರದೊಳಗೆ ತೊಗಲಿನ ಮೆತ್ತೆಯಿಟ್ಟ ಮೂರನೆಯ ಕಾಲು ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದ. ಎಲ್ಲಿ ಬಿದ್ದಾನೋ ಎಂದು ಮಗಳು ಕೈಚಾಚಿಕೊಂಡೇ ಜೊತೆಗಿದ್ದಳು. ಅವನು ಬೀಳಲಿಲ್ಲ.

ಕತೆ ಕೇಳಿ ವಾರಿಜೆಯ ಜೀವಕ್ಕೆ ಹಾಯೆನಿಸಿತು. “ಹಾಗಾದರೆ ಮೂರನ್ನೂ ತೆಗೆದುಕೊಳ್ಳಲೇ, ಗುರುಗಳೇ?”

“ನೀನು ಯಾರನ್ನು ನಡೆಸಬೇಕೆಂದಿದ್ದೀಯ, ಮಗು?” ಎಂದರು ಗುರುಗಳು.

ಐದು ತುಂಬಿದರೂ ಇನ್ನೂ ಮಾತು ಬಾರದ, ಹಾಡಿದರೆ ಮಾತ್ರ ತಿರುಗಿ ನೋಡುವ ತಂಗಿ ವಾರಿಜೆಯ ಕಣ್ಣ ಮುಂದೆ ಬಂದು ನಿಂತಳು.