ಹಳೆಯ ರೇಷ್ಮೆಗೆ ಹೊಲಿಗೆ ಹಾಕಿದ ಸೂಜಿ

ಇಗರ್ಜಿಯ ಪಾದ್ರಿಗಳು ಹಬ್ಬಕ್ಕೆ ತೊಡುತ್ತಿದ್ದ ರೇಷ್ಮೆಯ ಮೇಲಂಗಿ ಹಣ್ಣುಹಣ್ಣು ಮುದುಕಿಯಾಗಿತ್ತು. ಎದೆಯ ಮೇಲಿನ ಜರಿಹೂವು ಕಿತ್ತುಬಂದಿತ್ತು. ಅದನ್ನು ಸರಿಪಡಿಸಲು ಸೂಜಿಯೊಂದು ಹೊಸ ದಾರದೊಂದಿಗೆ ಬಂತು.

"ಹೆದರಬೇಡಿ ಅಜ್ಜಿ, ನಿಮ್ಮನ್ನು ಮೊದಲಿನಂತೆ ಮಾಡುತ್ತೇನೆ," ಎಂದಿತು.

"ಬೇಡ ಮಗೂ. ನನ್ನ ನೂಲಿನಲ್ಲಿ ಕಸುವಿಲ್ಲ, ಚುಚ್ಚಿದಲ್ಲೆಲ್ಲ ಹರಿಯುತ್ತೇನೆ. ಸುಮ್ಮನೆ ಬಿಟ್ಟರೆ ಇನ್ನೂ ಕೆಲವು ಕಾಲ ಇದ್ದೇನು," ಎಂದಿತು ರೇಷ್ಮೆ.

ಸೂಜಿ ಹಿಂದೆ ಸರಿಯಿತು. ಆದರೂ ಹೂವು ಜೋತಾಡುವುದನ್ನು ನೋಡಲಾರದೆ ಒಂದು ಹೊಲಿಗೆ ಹಾಕಿತು. ರೇಷ್ಮೆ ಸೀಳಿತು. ಆ ಸೀಳನ್ನು ಮುಚ್ಚಲು ಇನ್ನೊಂದು ಹಾಕಿತು, ಸೀಳು ಉದ್ದವಾಯಿತು.

"ತಾಳಿಕೊಳ್ಳಿ ಅಜ್ಜಿ, ಇದೊಂದೇ," ಎನ್ನುತ್ತಲೇ ಹೊಲಿಯಿತು. ಅಜ್ಜಿ ಯಾವಾಗ ಮಾತು ನಿಲ್ಲಿಸಿದರೋ ಅದಕ್ಕೆ ತಿಳಿಯಲಿಲ್ಲ.

ಕೊನೆಗೆ ಜರಿಹೂವೊಂದೇ ಇಡಿಯಾಗಿ ಉಳಿಯಿತು, ಸುತ್ತ ರೇಷ್ಮೆಯ ಪುಡಿ. ಸೂಜಿಯ ಕಣ್ಣಿನಲ್ಲಿ ದಾರ ಇನ್ನೂ ಇತ್ತು. ಹೊಲಿಯಲು ಅಜ್ಜಿ ಇರಲಿಲ್ಲ.