ವಿಷಲ್ ಹೊಡೆಯದ ಕುಕ್ಕರ್

ಪ್ರಮೀಳಾ ತನ್ನ ಊರಿನ ಆಶಾ ಕಾರ್ಯಕರ್ತೆ. ಮನೆಯಲ್ಲಿ ಗಂಡ ರಾಜಣ್ಣ, ಅತ್ತೆ ಹೊನ್ನಮ್ಮ. ಒಂದೂವರೆ ತಿಂಗಳಿಂದ ಪೂರ್ವಿಕಾ ಕೂಡ ಅಲ್ಲೇ ಇದ್ದಳು. ಪೂರ್ವಿಕಾ ಪ್ರಮೀಳಾಳ ಅಣ್ಣನ ಮಗಳು, ಒಂಬತ್ತು ವರ್ಷ. ಅವಳ ತಾಯಿ ಜ್ವರ ಬಂದು ಒಂದೇ ವಾರದಲ್ಲಿ ತೀರಿಕೊಂಡಿದ್ದಳು. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವನು. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ತಿರುಗಿ ನೋಡಿದರೆ ಹೋಗಲಾರೆನೆಂದು ತಿರುಗಿ ನೋಡದೆ ಹೋಗಿದ್ದ.

ತಾಯಿ ಸತ್ತ ದಿನದಿಂದ ಮಗು ಅತ್ತಿರಲಿಲ್ಲ. ಹಟ ಮಾಡಿರಲಿಲ್ಲ. ತಟ್ಟೆಗೆ ಏನು ಹಾಕಿದರೂ ತಿನ್ನುತ್ತಿದ್ದಳು. "ಇನ್ನೊಂದು ಚೂರು ಹಾಕ್ಲಾ?" ಅಂದರೆ "ಹೂಂ" ಅನ್ನುತ್ತಿದ್ದಳು. ಎಷ್ಟು ಹಾಕಿದರೂ ಹೂಂ. ಅಕ್ಕಪಕ್ಕದವರು "ಎಂಥಾ ಒಳ್ಳೆ ಮಗು" ಎಂದು ಹೊಗಳಿದ್ದೇ ಹೊಗಳಿದ್ದು. ಪ್ರಮೀಳಾಗೆ ಮಾತ್ರ ಆ ಹೊಗಳಿಕೆ ಕೇಳಿದಾಗಲೆಲ್ಲ ಕಳವಳವಾಗುತ್ತಿತ್ತು. ಒಂಬತ್ತು ವರ್ಷದ ಮಗು ಹಾಗಲಕಾಯಿ ಪಲ್ಯವನ್ನು ತಕರಾರಿಲ್ಲದೆ ತಿಂದರೆ ಅದನ್ನು ಒಳ್ಳೆಯತನ ಅನ್ನಬೇಡಿ. ಒಳಗೆ ಏನೋ ಸರಿಯಿಲ್ಲ ಅಂತ ಅರ್ಥ.

ಹಾಗಾಗಿ ಮನೆಮಂದಿಯೆಲ್ಲ ಅವಳನ್ನು ಕೇಳುತ್ತಿದ್ದರು. ಬೆಳಿಗ್ಗೆ ಹೊನ್ನಮ್ಮ ತಲೆ ಬಾಚುತ್ತಾ, "ಅಮ್ಮನ ನೆಪ್ಪಾಯ್ತದಾ ಮಗಾ? ಒಂದ್ಸಲ ಅತ್ಬುಡು, ಹಗುರಾಯ್ತದೆ" ಅನ್ನುವಳು. ಮಧ್ಯಾಹ್ನ ರಾಜಣ್ಣ, "ಏನು ಯೋಚ್ನೆ ಮಾಡ್ತಿದೀಯ ಪುಟ್ಟಿ?" ಅನ್ನುವನು. ರಾತ್ರಿ ಮಲಗುವಾಗ ಪ್ರಮೀಳಾ, "ಈ ಅತ್ತೆ ಹತ್ರ ಏನಾದ್ರೂ ಹೇಳ್ಬೇಕಾ?" ಅನ್ನುವಳು. ಪಾಪ, ಅವಳ ಕೆಲಸವೇ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಮಗು ಮೂವರಿಗೂ "ಏನಿಲ್ಲ" ಅನ್ನುತ್ತಿತ್ತು. ಕೇಳಿದಷ್ಟೂ ಅವಳ ಮಾತು ಕಡಿಮೆಯಾಗುತ್ತಾ ಬಂತು.

ಆ ವಾರ ರಾಜಣ್ಣನಿಗೆ ಹಾಲಿನ ಸೊಸೈಟಿಯ ಲಕ್ಕಿ ಡ್ರಾದಲ್ಲಿ ಒಂದು ಕರೆಂಟಿನ ಕುಕ್ಕರ್ ಬಂತು. ಸ್ಲೋ ಕುಕ್ಕರ್ ಅಂತ ಅದರ ಹೆಸರು. ಒಳಗೆ ಜಾಡಿಯಂಥ ದಪ್ಪ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಎಲ್ಲಾ ಹಾಕಿ ಸ್ವಿಚ್ ಒತ್ತಿ ಹೋದರೆ ಸಂಜೆಗೆ ತಾನೇ ಬೆಂದಿರುತ್ತದೆ. ಭಾನುವಾರ ಪಲ್ಸ್ ಪೋಲಿಯೊ. ಪ್ರಮೀಳಾ ಸಂಜೆ ಐದರವರೆಗೂ ಅಂಗನವಾಡಿಯಲ್ಲಿ ಮಕ್ಕಳಿಗೆ ಹನಿ ಹಾಕಬೇಕು. ಆದರೆ ಭಾನುವಾರ ಕೋಳಿ ಸಾರು ತಪ್ಪುವ ಹಾಗಿಲ್ಲ. ಬೆಳಿಗ್ಗೆ ಏಳಕ್ಕೇ ಅವಳು ಹುರಿದು ರುಬ್ಬಿದ ಮಸಾಲೆ, ಈರುಳ್ಳಿ, ನಾಟಿ ಕೋಳಿ ಎಲ್ಲವನ್ನೂ ಅದರೊಳಗೆ ಹಾಕಿ ಸ್ವಿಚ್ ಒತ್ತಿದಳು.

"ಯಾರೂ ಮುಚ್ಚಳ ಮುಟ್ಬೇಡಿ. ಒಂದ್ಸಲ ತೆಗೆದ್ರೆ ಬಿಸಿಯೆಲ್ಲಾ ಹೋಗಿ, ಬೇಯೋದು ಅರ್ಧ ಗಂಟೆ ತಡ ಆಗುತ್ತಂತೆ" ಎಂದು ಹೇಳಿ ಹೊರಟಳು.

ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಆದರೆ ಆ ಮನೆಯಲ್ಲಿ ಅಡುಗೆ ಆಯಿತೋ ಇಲ್ಲವೋ ಎಂದು ತಿಳಿಯುವುದೇ ವಿಷಲ್‌ನಿಂದ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ನಾಟಿ ಕೋಳಿಗೆ ಎಂಟು. ಹೊನ್ನಮ್ಮ ಜಗಲಿಯಲ್ಲಿ ಕೂತೇ ವಿಷಲ್ ಎಣಿಸಿ "ಆಫ್ ಮಾಡ್ರೋ" ಎಂದು ಹೇಳುವವಳು. ಈ ಹೊಸ ಕುಕ್ಕರೋ, ಗಂಟೆ ಒಂಬತ್ತಾದರೂ ಉಸಿರೆತ್ತುತ್ತಿಲ್ಲ. ಗಾಜಿನ ಮುಚ್ಚಳಕ್ಕೆ ಹಬೆ ಕಟ್ಟಿ ಒಳಗೇನೂ ಕಾಣುತ್ತಿಲ್ಲ.

ಹೊನ್ನಮ್ಮ ಹೋಗಿ ಮುಚ್ಚಳ ತೆಗೆದು ನೋಡಿದಳು. ಬೆಂದಿಲ್ಲ. ಹತ್ತಕ್ಕೆ ರಾಜಣ್ಣ ತೆಗೆದ. ಬೆಂದಿಲ್ಲ. ನೀರು ಸಾಲದೇನೋ ಎಂದು ಒಂದು ಲೋಟ ತಣ್ಣೀರು ಹೊಯ್ದ. ಹನ್ನೊಂದಕ್ಕೆ ಹೊನ್ನಮ್ಮ ಮತ್ತೆ ತೆಗೆದು ಸೌಟಿನಲ್ಲಿ ತಿರುವಿದಳು. "ಬೇಯೋ ಗಂಟ ಕಾದೋರು ಆರೋ ಗಂಟ ಕಾಯಕ್ಕಿಲ್ವಾ" ಎಂದು ಊರಿಗೆಲ್ಲ ಗಾದೆ ಹೇಳುವ ಮುದುಕಿಗೆ ಅವತ್ತು ಬೇಯುವ ತನಕ ಕಾಯುವುದೂ ಆಗಲಿಲ್ಲ. ಇಬ್ಬರಿಗೂ ದುರುದ್ದೇಶವೇನಿರಲಿಲ್ಲ. ದಣಿದು ಬರುವ ಪ್ರಮೀಳಾಗೆ ಊಟ ಕೆಟ್ಟಿರಬಾರದು ಎಂಬ ಅಕ್ಕರೆ, ಅಷ್ಟೇ.

ಐದೂಕಾಲಿಗೆ ಪ್ರಮೀಳಾ ಬಂದಳು. ಮುಚ್ಚಳ ತೆಗೆದು ಒಂದು ತುಂಡು ಒತ್ತಿ ನೋಡಿದಳು. ಮೂಳೆ ಬಿಡಬೇಕಿದ್ದ ಮಾಂಸ ರಬ್ಬರಿನಂತೆ ಗಟ್ಟಿಯಾಗಿತ್ತು.

"ಯಾರಾದ್ರೂ ಮುಚ್ಚಳ ತೆಗೆದ್ರಾ?"

"ನಾನೊಂದ್ಸಲ ನೋಡಿದ್ನೇನೋ" ಎಂದ ರಾಜಣ್ಣ.

"ನಾನೂ ಒಂದೇ ದಪ ಕಣವ್ವ" ಎಂದಳು ಹೊನ್ನಮ್ಮ.

ಅಡುಗೆಮನೆಯ ಮೂಲೆಯಿಂದ ಸಣ್ಣ ದನಿ ಬಂತು. "ಹನ್ನೊಂದು ಸಲ."

ಮೂವರೂ ತಿರುಗಿ ನೋಡಿದರು. ಪೂರ್ವಿಕಾ ಅಕ್ಕಿ ಡಬ್ಬಕ್ಕೆ ಒರಗಿ ಕೂತಿದ್ದಳು. "ಅಜ್ಜಿ ಏಳು ಸಲ, ಮಾವ ನಾಲ್ಕು ಸಲ. ಬೇಯಕ್ಕೇ ಬಿಡ್ಲಿಲ್ಲ ಅದನ್ನ" ಎಂದಳು. ಅವಳು ಬಂದ ಮೇಲೆ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಪ್ರಮೀಳಾಗೆ ನಗು ಬಂತು. ಮರುಕ್ಷಣ ನಗು ನಿಂತಿತು. ಬೆಳಿಗ್ಗೆ ಅತ್ತೆ, ಮಧ್ಯಾಹ್ನ ಗಂಡ, ರಾತ್ರಿ ತಾನು. ಒಂದೂವರೆ ತಿಂಗಳಿಂದ ಈ ಮಗುವಿಗೂ ಇದನ್ನೇ ಮಾಡಿದ್ದೇವಲ್ಲ ಅನ್ನಿಸಿತು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಅವಳು ಮುಚ್ಚಳ ಮುಚ್ಚಿದಳು. "ಎಂಟು ಗಂಟೆ ತನಕ ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದಳು. ಆಮೇಲೆ ಗಂಡ ಮತ್ತು ಅತ್ತೆಯನ್ನು ಜಗಲಿಗೆ ಕರೆದು ಮೆಲ್ಲಗೆ, "ಮಗೂನೂ ಅಷ್ಟೇ. ಇನ್ಮೇಲೆ ಯಾರೂ ಏನೂ ಕೇಳ್ಬೇಡಿ. ನಾನೂ ಕೇಳಲ್ಲ" ಎಂದಳು.

ಹೇಳುವುದು ಸುಲಭ. ಒಳಗೆ ಬಂದು ಮಗುವಿನ ಪಕ್ಕ ಕೂತಾಗ ಪ್ರಮೀಳಾಳ ನಾಲಿಗೆಯ ತುದಿಗೆ ಹತ್ತು ಪ್ರಶ್ನೆ ಬಂದವು. ಒಂದೊಂದನ್ನೂ ನುಂಗಿಕೊಂಡು ಕಾಲು ಚಾಚಿದಳು. "ಇವತ್ತು ನೂರಾ ನಲವತ್ತು ಮಕ್ಕಳು. ಒಬ್ಬ ನನ್ನ ಬೆರಳು ಕಚ್ಚಿದ ನೋಡು" ಎಂದು ಬೆರಳು ತೋರಿಸಿದಳು. ಮಗು ಆ ಬೆರಳು ಹಿಡಿದು ನೋಡಿತು. ಹಿಡಿದ ಬೆರಳನ್ನು ಬಿಡಲಿಲ್ಲ. ಪ್ರಮೀಳಾ ಅಲ್ಲಿಂದ ಏಳಲಿಲ್ಲ.

ಆರೂವರೆಯಾಯಿತು. ಏಳಾಯಿತು. ಮುಚ್ಚಳ ಗಟ್ಟಿಯಾಗಿ ಕೂತು, ಒಳಗೆ ಸಣ್ಣಗೆ ಕುದಿಯುವ ಸದ್ದು ಶುರುವಾಯಿತು. ಮಸಾಲೆಯ ಘಮ ಅಡುಗೆಮನೆಯೆಲ್ಲ ತುಂಬಿತು.

"ಅಮ್ಮಾನೂ ಕೋಳಿ ಸಾರು ಮಾಡಿತ್ತು" ಎಂದಳು ಪೂರ್ವಿಕಾ.

ಪ್ರಮೀಳಾ ಏನೂ ಕೇಳಲಿಲ್ಲ.

"ನಾನು ಖಾರ ಅಂದೆ. ಬೇಡ ಅಂತ ತಟ್ಟೆ ತಳ್ಬಿಟ್ಟೆ. ಅಮ್ಮ ಏನೂ ಬೈಲಿಲ್ಲ. ಮಾರನೇ ದಿನ ಅಮ್ಮಂಗೆ ಜ್ವರ ಬಂತು." ಮಗು ಬೆರಳನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. "ಇನ್ಮೇಲೆ ಯಾವತ್ತೂ ಬೇಡ ಅನ್ನಲ್ಲ, ಅಮ್ಮನ್ನ ಹುಷಾರು ಮಾಡು ಅಂತ ದೇವ್ರಿಗೆ ಹೇಳ್ದೆ. ಮಾಡ್ಲಿಲ್ಲ."

ಹಾಗಲಕಾಯಿ ಪಲ್ಯ ಯಾಕೆ ಒಳಗೆ ಹೋಗುತ್ತಿತ್ತು ಎಂದು ಪ್ರಮೀಳಾಗೆ ಈಗ ತಿಳಿಯಿತು. ಅವಳ ಕಣ್ಣು ತುಂಬಿ ಬಂತು.

"ಅಮ್ಮಂಗೆ ಬಂದಿದ್ದು ಡೆಂಗಿ ಕಣೆ ಕಂದ. ಸೊಳ್ಳೆಯಿಂದ ಬರೋ ಜ್ವರ. ರಿಪೋರ್ಟನ್ನ ನಾನೇ ಓದಿದೀನಿ. ನೀನು ತಟ್ಟೆ ತಳ್ಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದಳು. ಮಗುವಿನ ತಲೆ ಸವರುತ್ತಾ ಹೇಳಿದಳು, "ಬೇಡ ಅಂತ ಎಲ್ಲರ ಹತ್ರಾನೂ ಹೇಳಕ್ಕಾಗಲ್ಲ. ಏನಂದ್ರೂ ಬಿಟ್ಟು ಹೋಗಲ್ಲ ಅಂತ ನಂಬಿಕೆ ಇದ್ದೋರ ಹತ್ರ ಮಾತ್ರ ಹೇಳ್ತೀವಿ. ನೀನು ಬೇಡ ಅಂದಾಗ್ಲೆಲ್ಲ, ನಿಂಗೆ ಆ ನಂಬಿಕೆ ಇದೆ ಅಂತ ನಿಮ್ಮಮ್ಮಂಗೆ ಗೊತ್ತಾಗ್ತಿತ್ತು."

ಆಗ ಮಗು ಅತ್ತಿತು. ಒಂದೂವರೆ ತಿಂಗಳು ಒಳಗಿದ್ದದ್ದೆಲ್ಲ ಹೊರಗೆ ಬಂತು. ಜಗಲಿಯಲ್ಲಿದ್ದ ಹೊನ್ನಮ್ಮ ಗಾಬರಿಯಾಗಿ, ಸಮಾಧಾನ ಮಾಡಲು ಎದ್ದಳು. ರಾಜಣ್ಣ ಅವಳ ಸೆರಗು ಹಿಡಿದು ಕೂರಿಸಿದ. "ಸುಮ್ನಿರವ್ವ, ಮುಚ್ಚಳ ಮುಟ್ಬೇಡ" ಎಂದ. ಹಾಗೆಂದವನ ಕಣ್ಣೂ ಒದ್ದೆಯಾಗಿತ್ತು.

ಎಂಟಕ್ಕೆ ಮುಚ್ಚಳ ತೆಗೆದರು. ಮಾಂಸ ಮೂಳೆ ಬಿಟ್ಟಿತ್ತು, ಮೇಲೆ ಎಣ್ಣೆ ತೇಲಿತ್ತು. ಮುದ್ದೆಯ ಜೊತೆ ನಾಲ್ವರೂ ಸಾಲಾಗಿ ಕೂತರು. ಪೂರ್ವಿಕಾ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿದಳು. ಮೂಗು ಕೆಂಪಾಯಿತು. ಪ್ರಮೀಳಾಳ ಮುಖ ನೋಡಿದಳು. ಆಮೇಲೆ ತಟ್ಟೆಯನ್ನು ಎರಡೇ ಎರಡು ಬೆರಳಲ್ಲಿ, ಸ್ವಲ್ಪ ಮುಂದಕ್ಕೆ ತಳ್ಳಿದಳು.

"ಖಾರ ಅತ್ತೆ. ನಂಗೆ ಬೇಡ."

ಹೊನ್ನಮ್ಮ ಮೊಸರು ತರಲು ಎದ್ದಳು. ಬೆಳಿಗ್ಗೆ ಏಳರಿಂದ ಬೆಂದ ಸಾರನ್ನು ಬೇಡ ಅನ್ನಿಸಿಕೊಂಡು ಪ್ರಮೀಳಾಳಷ್ಟು ಸಂತೋಷಪಟ್ಟ ಅಡುಗೆಯವಳು ಈ ಲೋಕದಲ್ಲಿ ಇನ್ನೊಬ್ಬಳು ಇರಲಾರಳು. ಅವಳು ಮಗುವಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಉಳಿದದ್ದನ್ನು ತಾನೇ ತಿಂದಳು.

ನೀತಿ: ನೊಂದವರ ಮನಸ್ಸನ್ನು ಗಳಿಗೆಗೊಮ್ಮೆ ತೆರೆದು ನೋಡಬೇಡಿ. ಅವರ ಪಕ್ಕದಲ್ಲಿ ಬೆಚ್ಚಗೆ ಕೂತಿರಿ, ಕಾಯಿರಿ, ಹೊತ್ತು ಬಂದಾಗ ಅವರೇ ಹೇಳುತ್ತಾರೆ. ಹಾಗೆಯೇ, ನಿಮ್ಮ ಮನೆಯ ಮಗು ಧೈರ್ಯವಾಗಿ "ಬೇಡ" ಅಂದರೆ ಮುನಿಯಬೇಡಿ. ಇದು ತನ್ನ ಮನೆ ಎಂದು ಅದು ನಂಬಿದೆ.